ಕುರ್ಚಿಯ ಮೇಲೆ ಐದು ಸಲ

ನನ್ನ ಬಾಯಿ ಕೆಟ್ಟದ್ದು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಖಾನಾಪುರದ ದವಾಖಾನೆಯಲ್ಲಿ ನರ್ಸಾಗಿದ್ದ ಅಷ್ಟೂ ವರ್ಷ ನಾನು ಜಗಳವಾಡದ ಕಂಪೌಂಡರ್ ಇರಲಿಲ್ಲ, ಬೈಯದ ಬಸ್ ಕಂಡಕ್ಟರ್ ಇರಲಿಲ್ಲ. ಇರುತ್ತಿದ್ದದ್ದು ಬೆಳಗಾವಿಯ ಸದಾಶಿವನಗರದಲ್ಲಿ, ಬಾಡಿಗೆಯ ಒಂದು ಖೋಲಿಯಲ್ಲಿ, ಒಬ್ಬಳೇ. ಮದುವೆ ಆಗಲಿಲ್ಲ. ಅದೇನು ದೊಡ್ಡ ಕಥೆಯಲ್ಲ. ಅಪ್ಪ ಅವ್ವ ಬೇಗ ಹೋದರು, ನಾನು ಹಾಸ್ಟೆಲಿನಲ್ಲಿ ಬೆಳೆದೆ, ನೋಡಲು ಬಂದ ಎರಡು ಗಂಡಿನ ಕಡೆಯವರಿಗೆ ನನ್ನ ಬಾಯಿ ಸೇರಲಿಲ್ಲ, ಮೂರನೆಯವರು ಬರಲೇ ಇಲ್ಲ. ಭಾನುವಾರ ಒಮ್ಮೊಮ್ಮೆ ಇಡೀ ದಿನ ಯಾರೊಡನೆಯೂ ಮಾತಿಲ್ಲದೆ ಕಳೆದು, ಸಂಜೆ ಅಂಗಡಿಯಲ್ಲಿ ಸಕ್ಕರೆ ಕೇಳಲು ಬಾಯಿ ತೆರೆದರೆ ದನಿಯೇ ಹೊರಡುತ್ತಿರಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಕೇಳಬೇಕಾಗುತ್ತಿತ್ತು.

ಆ ಖೋಲಿಯ ಬಾಗಿಲು ಬಡಿಯುತ್ತಿದ್ದ ಜೀವ ಒಂದೇ ಒಂದು. ದೇಸೂರಿನಿಂದ ಬೆಳಗಿನ ರೈಲಿಗೆ ಮೊಸರು ತರುತ್ತಿದ್ದ ಮುದುಕಿ. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಅರವತ್ತೈದು ದಾಟಿತ್ತೇನೋ, ಅವಳಿಗೇ ಲೆಕ್ಕ ಇರಲಿಲ್ಲ. ಹಣೆ ತುಂಬ ವಿಭೂತಿ, ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಎರಡು ಗಡಿಗೆ ಮೊಸರು. ಸ್ಟೇಶನ್ನಿನಿಂದ ಮನೆಮನೆಗೆ ಕೊಡುತ್ತ ನಡೆದೇ ಬರುತ್ತಿದ್ದಳು. ಒಮ್ಮೆ ಅವಳ ಜೊತೆ ಸ್ಟೇಶನ್ನಿನವರೆಗೆ ಹೋಗಿದ್ದೆ, ಅವಳನ್ನು ಹಿಡಿಯಲು ನಾನು ಓಡಬೇಕಾಯಿತು. ನನ್ನದು ಅವಳ ಕೊನೆಯ ಮನೆ. ಗಡಿಗೆ ಬರಿದಾದ ಮೇಲೆ ನನ್ನ ಬಾಗಿಲ ಬಳಿ ಕಾಲು ಚಾಚಿ ಕೂತು, ಒಂದು ಕಪ್ ಚಹಾ ಕುಡಿದು, ನನಗೆ ನಾಲ್ಕು ಮಾತು ಬೈದು ಹೋಗುತ್ತಿದ್ದಳು.

"ಯವ್ವಾ, ನಿನ್ನ ಮಾರಿ ನೋಡಿದ್ರ ಹಾಲೂ ಒಡೀತೈತಿ. ಒಂಚೂರು ನಗು."

"ನಗಾಕ ಏನೈತಿ ಆಯಿ?"

"ನಾ ಬಂದೇನಲ್ಲ, ಸಾಲೂದಿಲ್ಲೇನು?"

ಸಾಲುತ್ತಿತ್ತು. ಖರೇ ಹೇಳಬೇಕೆಂದರೆ ಆ ಹತ್ತು ನಿಮಿಷವೇ ನನ್ನ ದಿನದ ಮಾತುಕತೆ. ಉಳಿದದ್ದೆಲ್ಲ ಸೂಜಿ, ಗುಳಿಗೆ, ರಜಿಸ್ಟರು.

ಅವಳೇನು ಗತಿಯಿಲ್ಲದೆ ಬುಟ್ಟಿ ಹೊರುತ್ತಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಆದರೆ ಮಗ ಊರಲ್ಲಿ ದರ್ಜಿ, ಕೈತುಂಬ ಕೆಲಸ. ಸೊಸೆ, ಮೊಮ್ಮಕ್ಕಳು, ಕಟ್ಟಿದ ಎಮ್ಮೆ, ತುಂಬಿದ ಮನೆ. "ಮತ್ಯಾಕ ಈ ದಗದಾ?" ಎಂದು ನಾನೊಮ್ಮೆ ಕೇಳಿದ್ದೆ.

"ಬುಟ್ಟಿ ಬಿಡು ಅಂತ ನನ್ನ ಮಗಾನೂ ಗಂಟ ಬಿದ್ದಾನ," ಎಂದಳು. "ಬುಟ್ಟಿ ಬಿಟ್ರ ನನ್ನ ಯಾರ ಮಾತಾಡಸ್ತಾರ? ಮನ್ಯಾಗ ಎಲ್ಲಾರಿಗೂ ಅವರವರ ಕೆಲಸ ಇರತಾವು. ರೈಲಿನ್ಯಾಗ ನಾಕ ಮಂದಿ, ಪ್ಯಾಟ್ಯಾಗ ಹತ್ತ ಮನಿ, ಕಡೀಕ ನೀ. ಬುಟ್ಟಿ ಇದ್ರ ನಾ ಅದೇನಿ."

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪರವೂರಿನ ಒಬ್ಬ ತರುಣ ಡಾಕ್ಟರು ಖಾನಾಪುರದ ಸುತ್ತಿನ ಹಳ್ಳಿಗಳಲ್ಲಿ ಅರವತ್ತು ದಾಟಿದವರ ಕಸುವು ಅಳೆಯುವ ಕೆಲಸಕ್ಕೆ ಬಂದರು. ರೋಗ ಹುಡುಕುವುದಲ್ಲ, ಕಸುವು ನೋಡುವುದು. ಯಾರು ಒಳಗೊಳಗೇ ಸೊರಗುತ್ತಿದ್ದಾರೆ, ಯಾರು ನಾಳೆ ಬಿದ್ದಾರು, ಹಾಸಿಗೆ ಹಿಡಿದಾರು ಎಂದು ಮೊದಲೇ ಕಂಡುಹಿಡಿಯುವುದು. ಕೇಳಿದರೆ ಬಹಳ ಒಳ್ಳೆಯ ಕೆಲಸ, ಈಗಲೂ ಒಳ್ಳೆಯದೆಂದೇ ಅನ್ನುತ್ತೇನೆ. ಅವರ ಜೊತೆ ತಿರುಗಲು ದವಾಖಾನೆಯವರು ನನ್ನನ್ನು ಕಳಿಸಿದರು. ಹಿಂದೆ ಮುಂದೆ ಯಾರೂ ಇಲ್ಲದವಳು, ಎಲ್ಲಿಗೆ ಬೇಕಾದರೂ ಹೋಗುತ್ತಾಳೆ ಎಂಬ ಲೆಕ್ಕ.

ಪರೀಕ್ಷೆ ಐದು. ತೂಕ ನೋಡುವುದು. ರಕ್ತದೊತ್ತಡ ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಚೂರು ಗಾಳಿ ತುಂಬಿ, ಮುಷ್ಟಿಯಲ್ಲಿ ಹಿಂಡಿಸಿ ಪಾದರಸ ಎಷ್ಟು ಏರಿತೆಂದು ನೋಡುವುದು. ಹದಿನೈದು ಅಡಿ ನಡೆಸಿ ಗಡಿಯಾರದಲ್ಲಿ ಹೊತ್ತು ನೋಡುವುದು. ಎದೆಯ ಮೇಲೆ ಕೈ ಕಟ್ಟಿಸಿ, ಕುರ್ಚಿಯಿಂದ ಐದು ಸಲ ಎಬ್ಬಿಸಿ ಕೂರಿಸುವುದು. ಕಡೆಗೆ, ದಣಿವಾಗುತ್ತದೆಯೇ ಎಂದು ಕೇಳುವುದು. ಇದರಲ್ಲಿ ಮೂರು ತಪ್ಪಿದರೆ ಕೆಂಪು ಚೀಟಿ. ಅದರಲ್ಲಿ ಭಾರ ಹೊರಬಾರದು, ವಿಶ್ರಾಂತಿ ಬೇಕು ಎಂದು ನಾನು ಬರೆದುಕೊಡಬೇಕು. ಆಗ ಎಲ್ಲದಕ್ಕೂ ವಿಶ್ರಾಂತಿಯೇ ಮದ್ದು. ಡಾಕ್ಟರಿಗೂ ಹಾಗೇ ಕಲಿಸಿದ್ದರು, ನನಗೂ ಹಾಗೇ ಕಲಿಸಿದ್ದರು.

ಮೊದಲು ಕಣಕುಂಬಿಯ ಕಡೆ ಹೋದೆವು. ಅಲ್ಲಿ ಮಾತೆಲ್ಲ ಮರಾಠಿ, ನನಗೇನೂ ತೊಂದರೆಯಾಗಲಿಲ್ಲ. ಒಬ್ಬ ಮುದುಕ ಪಟ್ಟಿಯನ್ನು ಹಿಂಡಿದ ರಭಸಕ್ಕೆ ಪಾದರಸ ಮೇಲಕ್ಕೆ ಹಾರಿ, ಡಾಕ್ಟರು ಬಾಯಿ ಬಾಯಿ ಬಿಟ್ಟರು. ಇನ್ನೊಬ್ಬಳು, ನಡೆದು ತೋರಿಸು ಅಂದದ್ದಕ್ಕೆ, ಈ ವಯಸ್ಸಿನಲ್ಲಿ ಕನ್ಯೆ ನೋಡಲು ಬಂದಿರೇನು, ವರ ಎಲ್ಲಿ ಎಂದು ಕೇಳಿ ಊರನ್ನೇ ನಗಿಸಿದಳು. ನಾನೂ ನಕ್ಕೆ. ಆ ದಿನಗಳಲ್ಲಿ ನನಗೆ ಆ ಕೆಲಸ ಸೇರಿತ್ತು.

ದೇಸೂರಿನ ಸರದಿ ಬಂದಾಗ ಊರ ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡೆವು. ಹೆಡ್ ಮಾಸ್ತರರ ಕುರ್ಚಿಯನ್ನೇ ತಂದು ನಡುವೆ ಇಟ್ಟಿದ್ದರು. ಗಂಡಸರು ಹೆಂಗಸರು ಎಲ್ಲರನ್ನೂ ಒಂದೇ ಅಂಗಳದಲ್ಲಿ ಕೂರಿಸಿದ್ದೆವು. ದೊಡ್ಡ ರುಮಾಲು ಸುತ್ತಿದ್ದ ಒಬ್ಬ ಹಿರಿಯರು ತಮ್ಮ ಪರೀಕ್ಷೆ ಮುಗಿಸಿ, ಪಾಸಾಗಿ, ಹೋಗದೆ ಎದುರಿನ ಕಟ್ಟೆಯ ಮೇಲೆಯೇ ಕೂತು ನೋಡುತ್ತಿದ್ದರು. ಅಷ್ಟರಲ್ಲಿ ನಮ್ಮ ಆಯಿ ಬಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, "ಈಗ ನೋಡ್ರಿ ಸರ್, ಕಸು ಅಂದ್ರ ಏನು ಅಂತ ಈಕಿ ತೋರಸ್ತಾಳ," ಎಂದು ಡಾಕ್ಟರಿಗೆ ಮೊದಲೇ ಹೇಳಿದೆ.

ಕುರ್ಚಿಯ ಮೇಲೆ ಕೂತುಕೋ ಅಂದರೆ ಆಯಿ ನಿಂತೇ ಇದ್ದಳು. ಎರಡನೆಯ ಸಲ ಹೇಳಿದ್ದಕ್ಕೆ ತುದಿಯಲ್ಲಿ ಕೂತಳು, ಕೂತಳು ಅನ್ನುವುದೂ ಕಷ್ಟ. ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು ಒಂದು ಕೈಯಲ್ಲಿ ಹಿಡಿದಿದ್ದಳು. ಕೈ ಕಟ್ಟು ಅಂದೆ, ಸೆರಗನ್ನು ಹಲ್ಲಿನಲ್ಲಿ ಕಚ್ಚಿದಳು. ಒಮ್ಮೆ ಎದ್ದಳು. ಎರಡನೆಯ ಸಲ ಅರ್ಧ ಎದ್ದು ನೆಲ ನೋಡುತ್ತ ನಿಂತುಬಿಟ್ಟಳು.

ನನಗೆ ಸಿಟ್ಟು ಬಂತು. ಡಾಕ್ಟರ ಮುಂದೆ ನನ್ನ ಮಾನ ಹೋಯಿತೆಂಬ ಸಿಟ್ಟು. "ಏನ್ ಆಯಿ, ಬೆಳಗಾವಿ ತನಕ ಬುಟ್ಟಿ ಹೊತ್ತು ಬರತಿ, ಇಷ್ಟ ಏಳಾಕ ಬರೂದಿಲ್ಲೇನು?" ಎಂದು ಎಲ್ಲರಿಗೂ ಕೇಳುವಂತೆ ಒದರಿದೆ. ಅವಳು ಇನ್ನಷ್ಟು ಮುದುಡಿಕೊಂಡಳು. ಹದಿನೈದು ಅಡಿಯನ್ನು ತಲೆ ತಗ್ಗಿಸಿ, ಮದುಮಗಳ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದಳು. ಪಟ್ಟಿಯನ್ನು ಹಿಂಡಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ದಣಿವಾಗುತ್ತದೆಯೇ ಅಂದರೆ, "ಏನೋ ಯವ್ವಾ, ಇವತ್ತ ಅದೀವಿ, ನಾಳಿಗೆ ಇಲ್ಲ," ಎಂದು ಪಿಸುಗುಟ್ಟಿದಳು. ನಮ್ಮ ಕಡೆ ಯಾವ ಮುದುಕಿ ತಾನೇ ನಾಲ್ಕು ಜನರ ನಡುವೆ ನಾನು ಗಟ್ಟಿ ಇದ್ದೇನೆ ಅಂತಾಳೆ? ದೃಷ್ಟಿ ತಾಗೀತೆಂಬ ಹೆದರಿಕೆ. ಅದು ನನಗೂ ಗೊತ್ತಿತ್ತು. ಆದರೆ ಕಾಗದದಲ್ಲಿ ಹೌದು, ಇಲ್ಲ ಎರಡೇ ಮನೆ ಇದ್ದವು. ಹೌದು ಎಂದು ಬರೆದೆ.

ತೂಕ ಒಂದು ಬಿಟ್ಟು ಉಳಿದ ನಾಲ್ಕೂ ಹೋದವು. ನಾನು ಡಾಕ್ಟರ ಬಳಿ ಹೋಗಿ ಸಣ್ಣ ದನಿಯಲ್ಲಿ, "ಸರ್, ಈಕಿ ನನಗ ಗೊತ್ರಿ. ದಿನಾ ಹರದಾರಿ ನಡೀತಾಳ," ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಸಿಸ್ಟರ್, ಕಣ್ಣಿಗೆ ಕಂಡದ್ದನ್ನು ಬರೀರಿ, ಗೊತ್ತಿದ್ದದ್ದನ್ನು ಬರೀಬೇಡಿ. ನಮ್ಮವರು ಅಂದ್ರೆ ನಮಗೆ ಎಲ್ಲಾ ಸರಿಯಾಗೇ ಕಾಣ್ತದೆ," ಎಂದರು.

ಆ ಮಾತು ನನಗೆ ನಾಟಿತು. ಒಂದು ವೇಳೆ ಖರೇ ಇದ್ದರೆ? ದಿನಾ ನೋಡುವ ಮುಖ, ಸೊರಗಿದ್ದು ನನಗೆ ಕಾಣದೇ ಹೋಗಿದ್ದರೆ? ಬುಟ್ಟಿ ಸಮೇತ ರೈಲಿನ ಮೆಟ್ಟಿಲಿನಿಂದ ಬಿದ್ದರೆ? ಕೆಂಪು ಚೀಟಿ ಬರೆದೆ. ಬರೆದು ಸುಮ್ಮನಿದ್ದರೂ ಆಗುತ್ತಿತ್ತು, ನನ್ನ ಬಾಯಿ ಸುಮ್ಮನಿರುವಂಥದ್ದೇ? ಅವಳ ಮಗನನ್ನು ಕರೆಸಿ, ಚೀಟಿ ಓದಿ ಹೇಳಿ, "ಹಡದ ತಾಯಿ ಕೈಲೆ ಈ ವಯಸ್ಸಿನ್ಯಾಗ ಬುಟ್ಟಿ ಹೊರಸ್ತೀರಲ್ಲ, ನಾಚಿಕಿ ಬರೂದಿಲ್ಲೇನು?" ಎಂದು ಊರವರೆಲ್ಲರ ಮುಂದೆ ಬೈದೆ. ಆ ಮನುಷ್ಯ ಕೆಂಪಗಾಗಿ, ಚೀಟಿಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ.

ಮರುದಿನ ಎರಡು ಕಪ್ ಚಹಾಕ್ಕೆ ಇಟ್ಟೆ. ಬಾಗಿಲು ಬಡಿಯಲಿಲ್ಲ. ಅದರ ಮರುದಿನವೂ ಇಲ್ಲ. ಎಂಟು ದಿನವಾದ ಮೇಲೆ ಒಂದೇ ಕಪ್ ಇಡತೊಡಗಿದೆ. ಮೊಸರು ಅಂಗಡಿಯಿಂದ ತಂದೆ. ಆಯಿ ಆರಾಮಾಗಿ ಇದ್ದಾಳೆ, ಇಷ್ಟು ವರ್ಷ ದುಡಿದ ಜೀವ, ಕೂತು ಉಣ್ಣಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಹೋಗಿ ನೋಡಬಹುದಿತ್ತು. ದಿನಾ ಖಾನಾಪುರಕ್ಕೆ ಹೋಗುವ ರೈಲು ಅವಳ ಊರಿನ ಮೇಲೆಯೇ ಹೋಗುತ್ತದೆ. ಆದರೆ ಸರ್ವೆ ಇದೆ, ಮಳೆ ಇದೆ ಎಂದು ನೆಪ ಹೇಳಿಕೊಂಡೆ. ನಿಜ ಏನೆಂದರೆ, ಬಂದು ಹೋಗುವವಳು ಅವಳು, ನಾನು ಯಾರ ಮನೆಗೂ ಹೋಗಿ ಗೊತ್ತಿದ್ದವಳಲ್ಲ. ಯಾರ ಮನೆಯ ಬಾಗಿಲಲ್ಲೂ ನಿಂತು ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ದೇಸೂರಿನಲ್ಲಿ ಇಳಿದೆ. ಮಗ ಬಾಗಿಲಿಗೇ ಬಂದು ಕೈಮುಗಿದ. "ಬರ್ರಿ ಬಾಯಾರ, ಕುಂದರ್ರಿ. ಅವತ್ತ ನೀವು ಬೈದದ್ದಕ್ಕ ನಮ್ಮ ಕಣ್ಣು ತೆರದ್ವು ನೋಡ್ರಿ," ಎಂದ. ಸೊಸೆ ಉಪ್ಪಿಟ್ಟು ಮಾಡಿದಳು, ಅರಿಷಿಣ ಕುಂಕುಮ ಹಚ್ಚಿ ಕುಬಸದ ಖಣ ಕೊಟ್ಟಳು. ಅವ್ವನಿಗೆ ಮಲಗಲೆಂದೇ ಹಗ್ಗ ಹೆಣೆದ ಹೊಸ ಹೊರಸು ಮಾಡಿಸಿ ಒಳಕೋಣೆಯಲ್ಲಿ ಹಾಕಿದ್ದರು. ಕುಡಿಯುವ ನೀರು ಕೈಗೆ, ಊಟ ಹೊರಸಿನ ಬಳಿಗೆ. ಒಂದು ಕಡ್ಡಿಯನ್ನೂ ಎತ್ತಲು ಬಿಡುತ್ತಿರಲಿಲ್ಲ. ಒಳ್ಳೆಯ ಜನ. ತಪ್ಪು ಹುಡುಕಲು ನನಗೂ ಜಾಗ ಸಿಗಲಿಲ್ಲ.

ಆಯಿ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಾಲುಗಳು ಕಟ್ಟಿಗೆಯಂತಾಗಿದ್ದವು. ಮನೆಯವರು ಆಚೆ ಹೋಗುವ ತನಕ ಮಾತಾಡಲಿಲ್ಲ. ಆಮೇಲೆ ಕೇಳಿದಳು.

"ಅವತ್ತ ಸಾಲಿ ಕಟ್ಟಿ ಮ್ಯಾಲೆ ರುಮಾಲ ಸುತ್ತಿದವರು ಕುಂತಿದ್ರಲ್ಲ, ಅವರು ಯಾರ ಗೊತ್ತೈತೇನು ನಿನಗ?"

"ಇಲ್ಲ ಆಯಿ."

"ನಮ್ಮ ಭಾವನವರು. ನನ್ನ ಗಂಡನ ಅಣ್ಣ. ಈ ಮನಿಗೆ ಬಂದಾಗಿಂದ ಅವರ ಮುಂದ ನಾ ಮಾರಿ ಎತ್ತಿ ನಿಂತಾಕಿ ಅಲ್ಲ. ಅವರು ಕೆಳಗ ಕಟ್ಟಿ ಮ್ಯಾಲೆ, ನಾ ಮ್ಯಾಲೆ ಕುರ್ಚಿ ಮ್ಯಾಲೆ! ಅದೂ ಐದ ಸಲ ಎದ್ದು ಕುಂದ್ರು ಅಂತಿ. ಹೆಂಗ ಕುಂದರ್ಲಿ ಯವ್ವಾ? ಹೆಂಗ ದಾಪುಗಾಲ ಹಾಕ್ಲಿ?"

ನಾನು ಹೊರಸಿನ ತುದಿಯಲ್ಲಿ ಕೂತೆ. "ಅವತ್ತ ಯಾಕ ಹೇಳಲಿಲ್ಲ?"

"ಅವರ ಮುಂದ ಹೆಂಗ ಹೇಳ್ಲಿ? ಇದನ್ನೂ ಹೇಳಬೇಕೇನು, ಹೆಣ್ಣಮಗಳ ಅದಿ, ನಿನಗ ತಿಳೀತೈತಿ ಅಂತ ಮಾಡಿದ್ದೆ." ಅಷ್ಟಂದವಳು ತಡೆದು ನನ್ನ ಮುಖ ನೋಡಿದಳು. ನಾನು ಅತ್ತೆಯ ಮನೆ ಕಂಡವಳಲ್ಲ ಎಂಬುದು ಆಗ ಅವಳಿಗೆ ನೆನಪಾಯಿತು. ನನ್ನ ಕೈ ಹಿಡಿದುಕೊಂಡಳು. "ಹೋಗಲಿ ಬಿಡು. ನಿನಗರ ಹೆಂಗ ತಿಳೀಬೇಕು."

ಊರಿನ ಯಾವ ಸೊಸೆ ಅಲ್ಲಿದ್ದರೂ ಒಂದು ನೋಟದಲ್ಲಿ ತಿಳಿದುಕೊಳ್ಳುತ್ತಿದ್ದಳು. ಆ ಹಿರಿಯರನ್ನು ಎದ್ದು ಹೋಗಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ತಿಳಿಯಲಿಲ್ಲ. ಒಬ್ಬಂಟಿಯಾಗಿ ಇದ್ದುಬಿಟ್ಟರೆ ಇಂಥವೂ ತಿಳಿಯದೆ ಉಳಿಯುತ್ತವೆ ಎಂದು ನಾನು ಎಣಿಸಿರಲಿಲ್ಲ.

"ಮಗಗ ಹೇಳಬೇಕಿತ್ತು," ಅಂದೆ.

"ಹೇಳಿದೆ. ಸರಕಾರದ ಚೀಟ್ಯಾಗ ಬರದೈತಿ ಅಂದ. ಮಂದಿ ಮುಂದ ಮಾನ ಹೋಗೈತಿ, ಇನ್ನ ಬುಟ್ಟಿ ಮುಟ್ಟಬ್ಯಾಡ ಅಂದ. ಎಮ್ಮಿ ಹಾಲು ಈಗ ಡೇರಿಗೆ ಹಾಕತಾರ. ನನ್ನ ಕುಂದರಸಿಬಿಟ್ಟಿ ಯವ್ವಾ ನೀ."

ನಾನು ಎದ್ದು ಕೋಣೆಯ ಬಾಗಿಲು ಹಾಕಿದೆ. "ಏಳು ಆಯಿ. ಈಗ ಇಲ್ಲಿ ಯಾರೂ ಇಲ್ಲ. ಈ ಹೊರಸಿನ ಮ್ಯಾಲಿಂದ ಐದ ಸಲ ಎದ್ದು ತೋರ್ಸು. ಈಗಿಂದೀಗ ಆ ಚೀಟಿ ಹರದು ಒಗೀತೇನಿ."

ಆಯಿ ಸೆರಗು ಸೊಂಟಕ್ಕೆ ಸಿಗಿಸಿದಳು. ಒಮ್ಮೆ ಎದ್ದಳು. ಎರಡನೆಯ ಸಲ ಮೊಣಕಾಲ ಮೇಲೆ ಕೈ ಊರಿದಳು. ಮೂರನೆಯ ಸಲ ಮೇಲೇಳಲು ಹೋಗಿ ಹಾಗೇ ಹಿಂದಕ್ಕೆ ಕುಸಿದಳು. ತೊಡೆಗಳು ಗಡಗಡ ನಡುಗುತ್ತಿದ್ದವು.

"ಈಗ ಭಾವನವರು ಇಲ್ಲ," ಎಂದು ನಕ್ಕಳು. "ಆದರೂ ಆಗವಲ್ದು."

ಮಗನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಚೀಟಿ ತಪ್ಪು, ಬರೆದವಳು ನಾನು, ತಪ್ಪು ನನ್ನದು, ಆಕೆಯನ್ನು ನಡೆಯಲು ಬಿಡಿ ಅಂದೆ. ಆತ ತಲೆ ಕೆರೆದುಕೊಂಡ. "ಈಗ ಹೆಂಗ ಬಿಡೂದ್ರಿ ಬಾಯಾರ? ಬಚ್ಚಲಕ್ಕ ಹೋಗಾಕ ಕೈ ಹಿಡೀಬೇಕಾಗೇತ್ರಿ." ಅವನು ಹೇಳಿದ್ದು ಸರಿಯಿತ್ತು.

ಅಂದಿನಿಂದ ಪ್ರತಿ ಭಾನುವಾರ ದೇಸೂರಿಗೆ ಹೋದೆ. ಮಗನಿಗೆ ಮನಸ್ಸಿರಲಿಲ್ಲ, ಆದರೆ ನರ್ಸಬಾಯಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಮೊದಲು ಕೋಣೆಯಿಂದ ಹಿತ್ತಲಿಗೆ. ಆಮೇಲೆ ಎಮ್ಮೆಯ ಗೋದಲಿಯವರೆಗೆ. ಆಮೇಲೆ ಓಣಿಯ ತುದಿಗೆ. ಆಯಿಯ ಆಸೆ ಒಂದೇ ಇತ್ತು: ಬುಟ್ಟಿ ಬೇಡ, ಏನೂ ಬೇಡ, ಒಮ್ಮೆ ರೈಲು ಹತ್ತಿ ಬೆಳಗಾವಿಗೆ ಬಂದು ನನ್ನ ಬಾಗಿಲ ಬಳಿ ಕೂತು ಚಹಾ ಕುಡಿಯಬೇಕು. ನನಗೂ ಅದೇ ಬೇಕಿತ್ತು. ಅದಾದರೆ ನನ್ನ ತಪ್ಪು ತೊಳೆದುಹೋಗುತ್ತದೆ ಎಂದುಕೊಂಡಿದ್ದೆ. "ಇವತ್ತ ಎಲ್ಲೀ ಮಟಾ ಬಂದ್ವಿ?" ಎಂದು ಕೇಳುವಳು. "ಗಿರಣಿ ಮಟಾ," ಅಂದರೆ, "ಬೆಳಗಾವಿ ಇನ್ನ ಹತ್ತ ಮಾರು ಐತಿ ಹಂಗಾರ," ಎಂದು ನಗುವಳು. ಆ ಭಾನುವಾರಗಳಲ್ಲಿ ಆಡಿದಷ್ಟು ಮಾತು ನಾನು ಮುಂದೆಂದೂ ಆಡಲಿಲ್ಲ.

ಒಂದು ಭಾನುವಾರ ಸ್ಟೇಶನ್ ತಲುಪಿದೆವು. ದಾರಿಯಲ್ಲಿ ನಾಲ್ಕು ಕಡೆ ಕೂತೆವು, ಆದರೆ ತಲುಪಿದೆವು. ಆ ಊರಿನ ಪ್ಲಾಟ್‌ಫಾರ್ಮ್ ಆಗ ಬಹಳ ತಗ್ಗು, ರೈಲಿನ ಮೆಟ್ಟಿಲು ಸೊಂಟದ ಹತ್ತಿರ ಬರುತ್ತಿತ್ತು. ಅದನ್ನು ನಾನು ಯೋಚಿಸಿರಲಿಲ್ಲ, ನಡೆಯುವುದನ್ನಷ್ಟೇ ಯೋಚಿಸಿದ್ದೆ. ರೈಲು ಬಂತು. ಮೇಲಿನಿಂದ ಎಳೆದುಕೊಳ್ಳೋಣವೆಂದು ನಾನು ಮೊದಲು ಹತ್ತಿ, ಎರಡೂ ಕೈ ಚಾಚಿದೆ. ಆಯಿ ನನ್ನ ಕೈ ಹಿಡಿದು ಕಾಲು ಎತ್ತಿದಳು. ಮೊದಲ ಮೆಟ್ಟಿಲಿಗೆ ಎಟುಕಲಿಲ್ಲ. ಇನ್ನೊಮ್ಮೆ ಎತ್ತಿದಳು. ಬೆರಳು ತಾಗಿತು, ಏರಲಾಗಲಿಲ್ಲ. ಇದ್ದವರು ಮೂರ್ನಾಲ್ಕು ಜನ, ಅವರೂ ಬೇರೆ ಡಬ್ಬಿಯ ಕಡೆ ಓಡಿದ್ದರು. ಸೀಟಿ ಕೂಗಿತು, ರೈಲು ಜಗ್ಗಿತು, ಅವಳ ಕೈ ನನ್ನ ಕೈಯಿಂದ ಜಾರಿತು.

ನಾನು ಕೆಳಗೆ ಜಿಗಿಯಲು ಹೋದೆ. "ಇಳೀಬ್ಯಾಡ, ಬೀಳತಿ!" ಎಂದು ಆಯಿ ಕೂಗಿದಳು. ಅವಳನ್ನು ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಳನ್ನೇ ಬಿಟ್ಟು ನಾನು ಬೆಳಗಾವಿಗೆ ಬಂದೆ. ದಾರಿಯುದ್ದಕ್ಕೂ ಬಾಗಿಲಲ್ಲೇ ನಿಂತು ಅತ್ತೆ.

ಬಸ್ಸು ಹಿಡಿದು ವಾಪಸ್ ದೇಸೂರಿಗೆ ಹೋಗುವಷ್ಟರಲ್ಲಿ ಯಾರೋ ಅವಳನ್ನು ಚಕ್ಕಡಿಯಲ್ಲಿ ಮನೆಗೆ ತಲುಪಿಸಿದ್ದರು. ಮಗ ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

"ಬಾಯಾರ, ನಿಮಗ ಕೈ ಮುಗೀತೇನ್ರಿ. ಕುಂದರಸ್ರಿ ಅಂದವರೂ ನೀವ, ನಡಸ್ರಿ ಅಂದವರೂ ನೀವ. ನಾವು ಯಾವದನ್ನ ಕೇಳೂದ್ರಿ? ಇನ್ನ ಬರಬ್ಯಾಡ್ರಿ."

ಒಳಗಿನಿಂದ ಆಯಿಯ ದನಿ ಕೇಳಿತು. "ಯಾರ ಬಂದಾರ? ಯವ್ವಾ, ನೀ ಏನ?"

ಮಗ ಬಾಗಿಲು ಬಿಟ್ಟು ಸರಿಯಲಿಲ್ಲ, ನಾನೂ ಅವನನ್ನು ದಾಟಿ ಹೋಗಲಿಲ್ಲ. ಬಸ್ ನಿಲ್ದಾಣಕ್ಕೆ ಬಂದು ನಿಂತೆ.

ಮರುವರ್ಷ ಅದೇ ಊರುಗಳನ್ನು, ಅದೇ ಹೆಸರುಗಳನ್ನು ಇನ್ನೊಮ್ಮೆ ನೋಡುವುದಿತ್ತು. ದೇಸೂರಿನಲ್ಲಿ ಅದೇ ಅಂಗಳದಲ್ಲಿ ಮೇಜು ಹಾಕಿದೆವು. ಊರ ತಳವಾರ ಹೆಸರಿನ ಪಟ್ಟಿ ಹಿಡಿದು, ಇದ್ದವರು ಯಾರು, ಹೋದವರು ಯಾರು ಎಂದು ಹೇಳುತ್ತಾ ಹೋದ. ಆಯಿಯ ಹೆಸರು ಬಂದಾಗ, "ತೀರಿಕೊಂಡಾಳ್ರಿ, ಹೋಳಿ ಹುಣ್ಣಿವಿ ಮುಂದ. ಹೊರಸ ಹಿಡದಾಕಿ ಮತ್ತ ಏಳಲಿಲ್ಲ," ಅಂದ. ನನಗೆ ಗೊತ್ತಾದದ್ದು ಹಾಗೆ.

ಡಾಕ್ಟರು ಹಳೆಯ ಕಾಗದ ತೆಗೆದು ಅವಳ ಹೆಸರಿನ ಮೇಲೆ ಬೆರಳಿಟ್ಟರು. ಅವರ ಮುಖ ಅರಳಿತು. ಸಾವಿಗೆ ಸಂತೋಷಪಡುವ ಮನುಷ್ಯರಲ್ಲ ಅವರು, ಕೆಲಸ ಫಲಿಸಿತೆಂಬ ಸಂತೋಷ ಅಷ್ಟೇ. "ನೋಡಿದ್ರಾ ಸಿಸ್ಟರ್? ಅವತ್ತು ನೀವು ಈಕೆ ಗಟ್ಟಿ ಇದ್ದಾಳೆ ಅಂತ ವಾದ ಮಾಡಿದ್ರಿ. ನಮ್ಮ ಪರೀಕ್ಷೆ ಸರಿಯಾಗೇ ಹಿಡಿದಿತ್ತು," ಎಂದರು.

ಹೇಳಬೇಕಾದದ್ದು ಪೂರಾ ನನ್ನ ನಾಲಗೆಯ ಮೇಲಿತ್ತು. ಭಾವನವರು, ಕುರ್ಚಿ, ಬುಟ್ಟಿ, ಹೊರಸು, ರೈಲು, ಎಲ್ಲವೂ. ಹೇಳಿದರೆ ಕೊಂದವಳು ನಾನು ಎಂದೂ ಹೇಳಬೇಕಾಗುತ್ತಿತ್ತು.

"ಹೌದ್ರಿ ಸರ್," ಅಂದೆ. ಪೆನ್ಸಿಲ್ ತೆಗೆದುಕೊಂಡು, ಆಯಿಯ ಹೆಸರಿನ ಮುಂದೆ ಪರೀಕ್ಷೆ ಸರಿ ಎಂಬ ಮನೆಯಲ್ಲಿ ಗುರುತು ಹಾಕಿ, ಮುಂದಿನವರನ್ನು ಕರೆದೆ.